ಕಡಲಿಗೆ ಯಾರು ಹೊಣೆ?

ಚಿಕ್ಕಬಳ್ಳಾಪುರ ತಾಲ್ಲೂಕಿನ ನಮ್ಮ ಮಂಡಿಕಲ್ಲಿನಿಂದ ಮಂಗಳೂರಿನ ಕಡಲಿಗೆ 400 ಕಿಲೋಮೀಟರಿಗೂ ಹೆಚ್ಚು ದೂರ. ನಮ್ಮ ಕಡೆಯ ಹಿರಿಯರಲ್ಲಿ ಎಷ್ಟೋ ಮಂದಿ ಕಡಲನ್ನು ಕಾಣದೆಯೇ ಕಣ್ಣು ಮುಚ್ಚಿದರು. ಮುಂಬೈಯಿಂದ ಹಡಗು ಹತ್ತಿ ಹಜ್‌ಗೆ ಹೋಗಿಬಂದ ಒಬ್ಬಿಬ್ಬರು ಹೇಳುತ್ತಿದ್ದ ಕಥೆಗಳೇ ನಮ್ಮ ಬಾಲ್ಯದ ಕಡಲು. ಹೀಗಿರುವಾಗ ಬಂದರುಗಳ ಬಗ್ಗೆ, ಅವುಗಳ ಪರಿಸರದ ಹೊಣೆಯ ಬಗ್ಗೆ ಬರೆಯಲು ನಮಗೇನು ಅಧಿಕಾರ ಎಂದು ಓದುಗರು ಕೇಳಬಹುದು.

ಹೆಚ್ಚುಕಡಿಮೆ ಇದೇ ಪ್ರಶ್ನೆಯನ್ನು ನಮಗೆ ಮೊದಲು ಕೇಳಿದವರು ಒಬ್ಬ ಮೀನುಗಾರರು. ಕೆಲವು ವರ್ಷಗಳ ಹಿಂದೆ ಸಾಹಿತ್ಯದ ಕಾರ್ಯಕ್ರಮವೊಂದಕ್ಕಾಗಿ ಮಂಗಳೂರಿಗೆ ಹೋಗಿದ್ದಾಗ ಸಂಜೆ ಕಡಲತೀರದಲ್ಲಿ ಅಡ್ಡಾಡುತ್ತಿದ್ದೆವು. ದೂರದಲ್ಲಿ ಸರದಿಗಾಗಿ ಕಾಯುತ್ತಾ ಹಡಗುಗಳು ಲಂಗರು ಹಾಕಿ ನಿಂತಿದ್ದವು. ಹರಿದ ಬಲೆಯನ್ನು ಸರಿಪಡಿಸುತ್ತಿದ್ದ ವೃದ್ಧರೊಬ್ಬರ ಬಳಿ ಕುಳಿತು ನಾವು ಓದಿ ತಿಳಿದುದನ್ನೆಲ್ಲ ಅವರಿಗೆ ಒಪ್ಪಿಸಿದೆವು. ಹಡಗುಗಳ ಎಣ್ಣೆ, ಕಲ್ಲಿದ್ದಲಿನ ಧೂಳು, ಹೂಳೆತ್ತುವ ಯಂತ್ರಗಳು, ಎಲ್ಲವೂ ನಮ್ಮ ಮಾತಿನಲ್ಲಿ ಬಂದವು. "ಇವೆಲ್ಲ ಸೇರಿ ನಿಮ್ಮ ಕಡಲನ್ನು ಹಾಳು ಮಾಡುವುದಿಲ್ಲವೇ?" ಎಂದೆವು. ಅವರು ಬಲೆಯಿಂದ ತಲೆಯೆತ್ತದೆ "ನಿಮ್ಮ ಊರು ಯಾವುದು ಸಾಹೇಬ್ರೇ?" ಎಂದು ಕೇಳಿದರು. ಹೇಳಿದೆವು.

"ಓ, ಚಿಕ್ಕಬಳ್ಳಾಪುರವಾ! ನಮ್ಮ ನೇತ್ರಾವತಿಯನ್ನು ಕೊಂಡುಹೋಗುವವರು ನೀವೇ ಅಲ್ವಾ ಮಾರಾಯ್ರೇ?"

ಹಾಗೆಂದು ಅವರು ನಕ್ಕರು. ಆ ನಗುವಿನಲ್ಲಿ ಕಹಿ ಇರಲಿಲ್ಲ. ಆದರೂ ನಮ್ಮ ಬಾಯಿಂದ ಮತ್ತೆ ಮಾತು ಹೊರಡಲಿಲ್ಲ. ಈ ಲೇಖನ ಆ ಸಂಜೆ ನಾವು ಕೊಡಲಾಗದ ಉತ್ತರವನ್ನು ಹುಡುಕುವ ಒಂದು ಪ್ರಯತ್ನ.

ಉರ್ದು ಶಾಲೆಯಲ್ಲೂ ಕನ್ನಡ ಶಾಲೆಯಲ್ಲೂ ಕಲಿತವರಿಗೆ ಪದಗಳ ಬೇರನ್ನು ಕೆದಕುವ ಒಂದು ಚಟವಿರುತ್ತದೆ. 'ಬಂದರು' ಎಂಬ ಪದವೇ ಪಾರ್ಸಿಯಿಂದ ಬಂದದ್ದು. 'ಜವಾಬ್ದಾರಿ'ಯೂ ಅಲ್ಲಿಂದಲೇ ಬಂದದ್ದು. ಜವಾಬು ಕೊಡಬೇಕಾದವನು ಜವಾಬ್ದಾರ. ಅಂದರೆ ಈ ಪದದೊಳಗೆ ಇಬ್ಬರಿದ್ದಾರೆ, ಕೇಳುವವನೊಬ್ಬ, ಉತ್ತರಿಸುವವನೊಬ್ಬ. ಕೇಳುವವನೇ ಇಲ್ಲದಿದ್ದರೆ ಜವಾಬ್ದಾರಿ ಇದೆಯೇ? ಕಡಲು ಕೇಳುವುದಿಲ್ಲ. ಮೀನು, ಆಮೆ, ಮರಳು ಇವು ಯಾವ ಕಚೇರಿಗೂ ಅರ್ಜಿ ಹಾಕುವುದಿಲ್ಲ. ಬಂದರಿನ ನೈತಿಕ ಸಮಸ್ಯೆ ಆರಂಭವಾಗುವುದೇ ಇಲ್ಲಿ.

ನವಮಂಗಳೂರು ಬಂದರನ್ನೇ ನೋಡೋಣ. ಮಂಗಳೂರಿನ ಹಳೆಯ ಬಂದರು ನೇತ್ರಾವತಿ ಮತ್ತು ಗುರುಪುರ ನದಿಗಳು ಕಡಲು ಸೇರುವ ಕಡೆ ಪ್ರಕೃತಿಯೇ ಕೊಟ್ಟದ್ದು. ಪಣಂಬೂರಿನ ಹೊಸ ಬಂದರು ಹಾಗಲ್ಲ. ಅದು ದಡವನ್ನು ಅಗೆದು ಕಡಲನ್ನು ಒಳಕ್ಕೆ ಕರೆತಂದು ಮಾಡಿದ ಕೃತಕ ಬಂದರು. 1974ರಲ್ಲಿ ಅದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿತವಾಯಿತು. 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಅದನ್ನು ಉದ್ಘಾಟಿಸಿದರು. ಅದಕ್ಕಾಗಿ ಪಣಂಬೂರು, ಬೈಕಂಪಾಡಿ ಮೊದಲಾದ ಕಡೆಗಳಿಂದ ಎದ್ದುಹೋದ ಕುಟುಂಬಗಳಿಗೆ ಕಾಟಿಪಳ್ಳ, ಕೃಷ್ಣಾಪುರಗಳಲ್ಲಿ ನೆಲೆ ಕೊಡಲಾಯಿತು. ಹಿಂದೂ, ಮುಸ್ಲಿಮ್, ಕ್ರೈಸ್ತ ಎಂಬ ಭೇದವಿಲ್ಲದೆ ಎಲ್ಲರ ಗದ್ದೆ, ತೆಂಗು, ಬಾವಿಗಳ ಮೇಲೆ ಆ ಬಂದರು ನಿಂತಿದೆ.

ಇಂಥ ಬಂದರನ್ನು ಒಮ್ಮೆ ಕಟ್ಟಿದರೆ ಮುಗಿಯಲಿಲ್ಲ. ಮಳೆಗಾಲದ ಅಲೆಗಳು ಹಡಗಿನ ದಾರಿಯಲ್ಲಿ ಮತ್ತೆ ಮತ್ತೆ ಹೂಳು ತುಂಬುತ್ತವೆ. ಅದನ್ನು ಎತ್ತಿ ಕಡಲಿನ ಇನ್ನೊಂದು ಕಡೆ ಸುರಿಯಬೇಕು. ಎತ್ತಿದ ಕಡೆಯೂ ಸುರಿದ ಕಡೆಯೂ ತಳದಲ್ಲಿ ಬದುಕುವ ಜೀವಗಳಿಗೆ ಅದು ಪ್ರತಿಸಲದ ಪ್ರಳಯ. ಅಲೆ ತಡೆಗೋಡೆಗಳು ದಡದುದ್ದಕ್ಕೂ ಸಾಗುವ ಮರಳಿನ ದಾರಿಯನ್ನು ಕತ್ತರಿಸುತ್ತವೆ. ಒಂದು ಕಡೆ ಮರಳು ಸೇರುತ್ತದೆ, ಇನ್ನೊಂದು ಕಡೆ ದಡ ಕೊರೆಯುತ್ತದೆ. ಖಾಲಿ ಹಡಗು ಸಮತೋಲನಕ್ಕಾಗಿ ಒಂದು ದೇಶದಲ್ಲಿ ತುಂಬಿಕೊಂಡ ಬ್ಯಾಲಾಸ್ಟ್ ನೀರನ್ನು ಇನ್ನೊಂದು ದೇಶದಲ್ಲಿ ಚೆಲ್ಲುತ್ತದೆ. ಆ ನೀರಿನೊಂದಿಗೆ ಪರದೇಶದ ಜೀವಿಗಳೂ ಬರುತ್ತವೆ. 1980ರ ದಶಕದಲ್ಲಿ ಹೀಗೆ ಬಂದ ಜೀಬ್ರಾ ಮಸೆಲ್ ಎಂಬ ಪುಟ್ಟ ಚಿಪ್ಪುಜೀವಿ ಅಮೆರಿಕದ ಮಹಾಸರೋವರಗಳನ್ನೇ ಆಕ್ರಮಿಸಿಕೊಂಡಿತು. ಇದನ್ನು ತಡೆಯುವ ಅಂತರರಾಷ್ಟ್ರೀಯ ಒಪ್ಪಂದ 2004ರಲ್ಲಿ ಆಯಿತು, ಜಾರಿಗೆ ಬಂದದ್ದು 2017ರಲ್ಲಿ. ಹದಿಮೂರು ವರ್ಷ ಕಾಗದ ಕಾಯಿತು, ಹಡಗುಗಳು ಕಾಯಲಿಲ್ಲ.

ಬಂದರಿನ ಗಡಿ ಎಲ್ಲಿಗೆ ಮುಗಿಯುತ್ತದೆ? ಆಡಳಿತದ ನಕ್ಷೆಯಲ್ಲಿ ಅದು ಕಾಂಪೌಂಡ್ ಗೋಡೆಗೆ ಮುಗಿಯುತ್ತದೆ. ವಾಸ್ತವದಲ್ಲಿ? ಕುದುರೆಮುಖದ ಬೆಟ್ಟದ ಅದಿರು ನೀರಿನಲ್ಲಿ ಕಲಸಿದ ರಾಡಿಯಾಗಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಪಣಂಬೂರಿಗೆ ಇಳಿಯುತ್ತಿತ್ತು. ಮಳೆಕಾಡಿನ ನಡುವಿನ ಆ ಗಣಿಗಾರಿಕೆ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟಿನ ಆದೇಶದಿಂದ. ಹಡಗಿಗೆ ಅದಿರು ತುಂಬಿಸಿದ ಬಂದರಿಗೆ ಆ ಬೆಟ್ಟದ ಲೆಕ್ಕ ಕೇಳಿದವರಿಲ್ಲ. ಅದು ಗಣಿಯ ಲೆಕ್ಕ, ಬಂದರಿನದಲ್ಲ ಎಂದಾಯಿತು.

ಇನ್ನೊಂದು ದಿಕ್ಕಿಗೆ ನೋಡಿ. ಬಂದರಿನಲ್ಲಿ ಇಳಿದ ಕಚ್ಚಾತೈಲ ಮಂಗಳೂರಿನ ಸಂಸ್ಕರಣಾಗಾರದಲ್ಲಿ ಪೆಟ್ರೋಲ್, ಡೀಸೆಲ್ ಆಗಿ ಸುಮಾರು 360 ಕಿಲೋಮೀಟರ್ ಕೊಳವೆಯಲ್ಲಿ ಹಾಸನದ ಮೂಲಕ ಹೊಸಕೋಟೆ ಬಳಿಯ ದೇವನಗೊಂದಿಗೆ ಬರುತ್ತದೆ. ಅಲ್ಲಿ ತುಂಬಿಕೊಂಡ ಟ್ಯಾಂಕರುಗಳು ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳ ಬಂಕುಗಳಿಗೆ ಹೊರಡುತ್ತವೆ. ಅಡುಗೆ ಅನಿಲಕ್ಕೂ ಮಂಗಳೂರಿನಿಂದ ಹಾಸನ, ಮೈಸೂರುಗಳ ಮೂಲಕ ಸೋಲೂರಿನವರೆಗೆ ಕೊಳವೆಯಿದೆ. ನಮ್ಮ ಟ್ರಾಕ್ಟರಿನ ಡೀಸೆಲ್ಲಿಗೆ, ಹೊಲಕ್ಕೆ ಹಾಕುವ ಗೊಬ್ಬರಕ್ಕೆ, ಹಬ್ಬದ ದಿನ ಬಾಣಲೆಯಲ್ಲಿ ಕಾಯುವ ಪಾಮ್ ಎಣ್ಣೆಗೆ ಎಲ್ಲೋ ಒಂದು ಕಡಲತೀರದ ಋಣವಿದೆ. ಕಡಲು ಕಾಣದ ನಾವೂ ಬಂದರಿನ ಗಿರಾಕಿಗಳೇ.

ಬಂದರಿನ ಬಾಗಿಲು ನಮ್ಮ ಒಲೆಯವರೆಗೂ ತೆರೆಯುತ್ತದೆ ಎಂಬುದು ಶಿಡ್ಲಘಟ್ಟದ ರೇಷ್ಮೆಯವರಿಗೆ ಚೆನ್ನಾಗಿ ಗೊತ್ತು. 2011ರಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದಾಗ ಗೂಡಿನ ಬೆಲೆ ಕುಸಿದು ಬೆಳೆಗಾರರೂ ರೀಲರುಗಳೂ ಬೀದಿಗಿಳಿದರು. ಆಗ ನಾವೆಲ್ಲ ಒಂದು ಪ್ರಶ್ನೆ ಕೇಳಿದೆವು. ದೂರದಲ್ಲೆಲ್ಲೋ ಕುಳಿತು ಸುಂಕ ಇಳಿಸುವವರಿಗೆ ನಮ್ಮ ಕಷ್ಟ ಕಾಣುವುದಿಲ್ಲವೇ? ನ್ಯಾಯವಾದ ಪ್ರಶ್ನೆ. ಆದರೆ ಅದೇ ಪ್ರಶ್ನೆಯನ್ನು ಕಡಲ ದಡದವರು ನಮ್ಮತ್ತ ತಿರುಗಿಸಿದರೆ?

ಈಗ ಎರಡನೆಯ ಪದಕ್ಕೆ ಬರೋಣ. 'ಅಮಾನತು' ಎಂದರೆ ಕನ್ನಡ ಪತ್ರಿಕೆಗಳಲ್ಲಿ ಅಧಿಕಾರಿಯನ್ನು ಕೆಲಸದಿಂದ ಕೆಳಗಿಳಿಸಿ ಕೂರಿಸುವುದು. ನಮ್ಮ ಮನೆಗಳಲ್ಲಿ ಅಮಾನತ್ ಎಂದರೆ ನಂಬಿ ಒಪ್ಪಿಸಿದ ವಸ್ತು. ನಾನಿಮಾ ಪಕ್ಕದ ಮನೆಯವರ ಒಡವೆಯ ಗಂಟನ್ನು ಟ್ರಂಕಿನಲ್ಲಿ ಇಟ್ಟುಕೊಂಡಿದ್ದಾಗ ಆ ಟ್ರಂಕನ್ನು ಮುಟ್ಟಲೂ ನಮ್ಮನ್ನು ಬಿಡುತ್ತಿರಲಿಲ್ಲ. "ಅದು ನಮ್ದಲ್ಲ ಬೇಟಾ, ಅಮಾನತ್" ಎನ್ನುತ್ತಿದ್ದರು. ತನ್ನದಲ್ಲದ್ದನ್ನು ತನ್ನದಕ್ಕಿಂತ ಹೆಚ್ಚು ಜೋಪಾನವಾಗಿ ನೋಡಿಕೊಳ್ಳುವುದು, ಬಳಸದೆ ಕಾಯುವುದು, ಕೇಳದಿದ್ದರೂ ಹಿಂದಿರುಗಿಸುವುದು ಅಮಾನತ್‌ನ ಶಿಸ್ತು.

ಸ್ವಾರಸ್ಯವೆಂದರೆ ನಮ್ಮ ದೇಶದ ಕಾನೂನು ಪ್ರಮುಖ ಬಂದರುಗಳನ್ನು ದಶಕಗಳ ಕಾಲ ಇದೇ ಅರ್ಥದ ಹೆಸರಿನಿಂದ ಕರೆಯಿತು. 1963ರ ಕಾನೂನು ಅವುಗಳನ್ನು 'ಪೋರ್ಟ್ ಟ್ರಸ್ಟ್' ಎಂದಿತು. ಟ್ರಸ್ಟ್ ಎಂದರೆ ಅಮಾನತ್‌ ಅಲ್ಲದೆ ಮತ್ತೇನು? 2021ರ ಹೊಸ ಕಾನೂನಿನಿಂದ ಅವು 'ಪೋರ್ಟ್ ಅಥಾರಿಟಿ'ಗಳಾದವು, ಅಂದರೆ ಪ್ರಾಧಿಕಾರಗಳು. ಹೆಸರು ಬದಲಾದ ಮಾತ್ರಕ್ಕೆ ಎಲ್ಲವೂ ಕೆಟ್ಟಿತು ಎಂದು ನಾವು ಹೇಳುವುದಿಲ್ಲ. ಟ್ರಸ್ಟ್ ಎಂಬ ಹೆಸರಿದ್ದಾಗಲೂ ಕಡಲಿನ ಅಮಾನತನ್ನು ಕಾಯ್ದವರಿಗಿಂತ ಸರಕಿನ ಲೆಕ್ಕವನ್ನು ಕಾಯ್ದವರೇ ಹೆಚ್ಚು. ಆದರೂ ಪದಗಳು ಮನಸ್ಸಿನ ದಿಕ್ಕನ್ನು ತೋರಿಸುತ್ತವೆ. ನಂಬಿಕೆಯ ಪದ ಹೋಗಿ ಅಧಿಕಾರದ ಪದ ಬಂದಾಗ ಒಂದು ಕ್ಷಣ ನಿಂತು ಯೋಚಿಸುವುದು ತಪ್ಪಲ್ಲ.

ಅಮಾನತ್ ಮುರಿಯುವುದು ಎಂದರೇನು ಎಂಬುದಕ್ಕೆ ನಮ್ಮ ರಾಜ್ಯದ ಬೇಲೆಕೇರಿಯೇ ಸಾಕ್ಷಿ. 2010ರ ಮಾರ್ಚ್‌ನಲ್ಲಿ ಅಕ್ರಮವಾಗಿ ಬಂದದ್ದೆಂದು ಸುಮಾರು 8 ಲಕ್ಷ ಟನ್ ಕಬ್ಬಿಣದ ಅದಿರನ್ನು ಅಲ್ಲಿ ವಶಪಡಿಸಿಕೊಂಡು ಬಂದರಿನ ಸುಪರ್ದಿಗೆ ಒಪ್ಪಿಸಲಾಗಿತ್ತು. ಕೆಲವೇ ತಿಂಗಳಲ್ಲಿ ಅದರಲ್ಲಿ ಲಕ್ಷಾಂತರ ಟನ್ ಹಡಗು ಹತ್ತಿ ಹೋಗಿತ್ತು. 2011ರ ಲೋಕಾಯುಕ್ತ ವರದಿ ಇದನ್ನು ನಾಡಿನ ಮುಂದಿಟ್ಟಿತು. 2024ರ ಅಕ್ಟೋಬರ್‌ನಲ್ಲಿ ವಿಶೇಷ ನ್ಯಾಯಾಲಯ ಶಿಕ್ಷೆ ವಿಧಿಸಿತು. ಮರುತಿಂಗಳೇ ಹೈಕೋರ್ಟ್ ಆ ಶಿಕ್ಷೆಯನ್ನು ತಡೆಹಿಡಿಯಿತು. ಯಾರು ತಪ್ಪಿತಸ್ಥರೆಂಬುದನ್ನು ನ್ಯಾಯಾಲಯಗಳೇ ಹೇಳಲಿ. ನಮಗೆ ಮುಖ್ಯವಾದದ್ದು ಬೇರೆ. ಎಣಿಸಿ, ತೂಗಿ, ಕಾಗದದ ಮೇಲೆ ಬರೆದು ಒಪ್ಪಿಸಿದ ಅದಿರಿಗೇ ಈ ಗತಿಯಾದರೆ, ಯಾರೂ ಎಣಿಸದ, ಯಾರೂ ತೂಗದ ಕಡಲನ್ನು ಕಾಯುವವರು ಯಾರು?

ಹಡಗುಗಳ ಮಟ್ಟಿಗಂತೂ ಉತ್ತರಿಸಬೇಕಾದವನನ್ನು ಹುಡುಕುವುದೇ ಒಂದು ಸಾಹಸ. 2006ರ ಮೇ 30ರಂದು ಪನಾಮಾ ಬಾವುಟದ 'ಓಷನ್ ಸೆರಾಯಾ' ಕಾರವಾರದ ಬಳಿ ಬಂಡೆಗೆ ಸಿಕ್ಕು ಅದರ ಎಣ್ಣೆ ಕಾರವಾರದಿಂದ ಗೋವೆಯ ದಡದವರೆಗೆ ಹರಡಿತು. 2022ರ ಜೂನ್‌ನಲ್ಲಿ ಉಕ್ಕಿನ ಸುರುಳಿಗಳನ್ನು ಹೊತ್ತ 'ಪ್ರಿನ್ಸೆಸ್ ಮಿರಾಲ್' ಉಳ್ಳಾಲದ ಬಳಿ ಮುಳುಗಿತು. ಅದರಲ್ಲಿದ್ದ 15 ಮಂದಿ ಸಿರಿಯಾದ ನಾವಿಕರನ್ನು ನಮ್ಮ ಕರಾವಳಿ ರಕ್ಷಣಾ ಪಡೆ ಉಳಿಸಿತು. 2025ರ ಮೇ 25ರಂದು ಲೈಬೀರಿಯಾ ಬಾವುಟದ 'ಎಂಎಸ್‌ಸಿ ಎಲ್ಸಾ 3' 640 ಕಂಟೇನರುಗಳೊಂದಿಗೆ ಕೇರಳದ ಕಡಲಲ್ಲಿ ಮುಳುಗಿತು, ಅಕ್ಕಿಕಾಳಿನಂಥ ಪ್ಲಾಸ್ಟಿಕ್ ಹರಳುಗಳು ದಡಗಳನ್ನು ಮುಚ್ಚಿದವು. ಹಡಗಿನ ಒಡೆಯ ಒಂದು ದೇಶದವನು, ಬಾವುಟ ಇನ್ನೊಂದು ದೇಶದ್ದು, ನಾವಿಕರು ಮತ್ತೊಂದು ದೇಶದವರು, ಸರಕು ಹತ್ತು ದೇಶಗಳದು. ಹಾನಿ ಮಾತ್ರ ಒಂದೇ ದಡದ ಮೀನುಗಾರರದು. ಲಾಭವನ್ನು ಹಂಚಿಕೊಳ್ಳುವಾಗ ಎಲ್ಲರಿಗೂ ವಿಳಾಸವಿದೆ, ಉತ್ತರಿಸುವಾಗ ಯಾರಿಗೂ ಇಲ್ಲ.

ಹಾಗಾದರೆ ಬಂದರುಗಳೇ ಬೇಡವೇ? ಹಾಗೆ ಹೇಳುವುದು ಸುಲಭ, ಆದರೆ ಪ್ರಾಮಾಣಿಕವಲ್ಲ. ಜಗತ್ತಿನ ವ್ಯಾಪಾರದ ಸರಕಿನಲ್ಲಿ ಸುಮಾರು ಶೇ. 80 ಸಾಗುವುದು ಕಡಲಿನಲ್ಲಿ. ಒಂದು ಟನ್ ಸರಕನ್ನು ಅಷ್ಟೇ ದೂರ ಲಾರಿಯಲ್ಲಿ ಸಾಗಿಸಿದರೆ ಹಡಗಿಗಿಂತ ಎಷ್ಟೋ ಹೆಚ್ಚು ಹೊಗೆ ಏಳುತ್ತದೆ. ಬಂದರನ್ನು ನಂಬಿ ಸಾವಿರಾರು ಮನೆಗಳ ಒಲೆ ಉರಿಯುತ್ತಿದೆ. ಬಂದರು ಬೇಡ ಎಂದು ಬರೆದ ಕಾಗದವೂ ಶಾಯಿಯೂ ಬಹುಶಃ ಬಂದರಿನ ಮೂಲಕವೇ ಬಂದಿರುತ್ತದೆ.

ಸರಕಾರವೂ ಸುಮ್ಮನೆ ಕುಳಿತಿಲ್ಲ. 2020ರ ಜನವರಿಯಿಂದ ಹಡಗಿನ ಇಂಧನದಲ್ಲಿ ಗಂಧಕದ ಮಿತಿಯನ್ನು ಜಗತ್ತಿನಾದ್ಯಂತ ಶೇ. 3.5ರಿಂದ ಶೇ. 0.5ಕ್ಕೆ ಇಳಿಸಲಾಗಿದೆ. 2023ರಲ್ಲಿ ಕೇಂದ್ರ ಸರಕಾರ 'ಹರಿತ್ ಸಾಗರ್' ಎಂಬ ಹಸಿರು ಬಂದರುಗಳ ಮಾರ್ಗಸೂಚಿಯನ್ನು ಹೊರಡಿಸಿತು. ಪ್ರತಿ ಟನ್ ಸರಕಿಗೆ ಆಗುವ ಇಂಗಾಲದ ಹೊಗೆಯನ್ನು 2030ರೊಳಗೆ ಶೇ. 30ರಷ್ಟು ತಗ್ಗಿಸಬೇಕೆಂಬುದು ಅದರ ಗುರಿ. ಒಳ್ಳೆಯದೇ. ಆದರೆ 'ಪ್ರತಿ ಟನ್ನಿಗೆ' ಎಂಬ ಮಾತನ್ನು ಗಮನಿಸಬೇಕು. ಟನ್ನಿನ ಹೊಗೆ ಶೇ. 30 ಇಳಿದು ಸರಕು ಎರಡರಷ್ಟಾದರೆ ಒಟ್ಟು ಹೊಗೆ ಇಳಿಯುವುದಿಲ್ಲ, ಶೇ. 40 ಏರುತ್ತದೆ. ನಿಯಮ ಪಾಲನೆಯಾಯಿತು, ಕಡಲು ಉಳಿಯಲಿಲ್ಲ ಎಂಬ ಸ್ಥಿತಿ ಹೀಗೆ ಬರುತ್ತದೆ. ಕಾನೂನಿನ ಪ್ರಶ್ನೆ 'ಮಿತಿಯೊಳಗಿದೆಯೇ?' ಎಂಬುದು. ಅಮಾನತ್‌ನ ಪ್ರಶ್ನೆ 'ಒಪ್ಪಿಸಿದ್ದು ಇನ್ನೂ ಇದೆಯೇ?' ಎಂಬುದು.

ಇದರ ನಡುವೆ ಹೊಸ ಬಂದರುಗಳ ಸಾಲೇ ಬರುತ್ತಿದೆ. ಹೊನ್ನಾವರದ ಕಾಸರಕೋಡು ಟೊಂಕದಲ್ಲಿ ಹೆಂಗಸರು ಮೀನು ಒಣಗಿಸುವ, ಆಲಿವ್ ರಿಡ್ಲೆ ಕಡಲಾಮೆಗಳು ಮೊಟ್ಟೆಯಿಡುವ ಮರಳಿನಲ್ಲಿ ಖಾಸಗಿ ಬಂದರಿನ ಯೋಜನೆ ಬಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದರು. ಕಾರವಾರದ ಬಂದರು ವಿಸ್ತರಣೆಯ ವಿರುದ್ಧ 2020ರ ಜನವರಿಯಲ್ಲಿ ಇಡೀ ಊರೇ ಬಂದ್ ಆಯಿತು. 2025ರಲ್ಲಿ ಅಂಕೋಲೆಯ ಕೇಣಿಯ ಮೀನುಗಾರರು ಬೀದಿಗಿಳಿದರು. ಕಡಲು ಕೇಳುವುದಿಲ್ಲ ಎಂದೆವಲ್ಲ, ಕಡಲಿನ ಪರವಾಗಿ ಕೇಳುವವರು ಇವರು. ಇವರನ್ನು ಅಭಿವೃದ್ಧಿಯ ವಿರೋಧಿಗಳೆಂದು ಕರೆಯುವುದು ಕೇಳುವವನ ಬಾಯಿ ಮುಚ್ಚಿಸಿ ಜವಾಬಿನಿಂದ ತಪ್ಪಿಸಿಕೊಳ್ಳುವ ಉಪಾಯವಷ್ಟೇ.

ಈಗ ಆ ವೃದ್ಧರ ಪ್ರಶ್ನೆಗೆ ಬರಲೇಬೇಕು.

ನಮ್ಮ ಜಿಲ್ಲೆಯ ದಾಹ ಸುಳ್ಳಲ್ಲ. ಸಾವಿರ ಅಡಿಗೂ ಮೀರಿ ಕೊರೆದ ಬಾವಿಗಳು, ಅದರಲ್ಲಿ ಬರುವ ಫ್ಲೋರೈಡ್ ನೀರು, ಮಕ್ಕಳ ಹಲ್ಲಿನ ಮೇಲಿನ ಕಲೆ ಎಲ್ಲವೂ ನಿಜ. 2016ರ ಮಾರ್ಚ್‌ನಲ್ಲಿ ನಮ್ಮ ರೈತರು ಟ್ರಾಕ್ಟರುಗಳಲ್ಲಿ ಬೆಂಗಳೂರಿಗೆ ಹೊರಟು ಲಾಠಿ ತಿಂದದ್ದೂ ನಿಜ. ಎತ್ತಿನಹೊಳೆ ಯೋಜನೆಗೆ 2014ರ ಮಾರ್ಚ್‌ನಲ್ಲಿ ಅಡಿಗಲ್ಲು ಹಾಕಿದ್ದು ನಮ್ಮ ಮುದ್ದೇನಹಳ್ಳಿಯಲ್ಲೇ. ಸಕಲೇಶಪುರದ ಹಳ್ಳಗಳಿಂದ 24.01 ಟಿಎಂಸಿ ನೀರು ತರುವ ಯೋಜನೆಯ ಅಂದಾಜು ವೆಚ್ಚ 8,323 ಕೋಟಿಯಿಂದ 23,251 ಕೋಟಿ ರೂಪಾಯಿಗೆ ಏರಿತು. 2024ರ ಸೆಪ್ಟೆಂಬರ್ 6ರಂದು ಮೊದಲ ಹಂತದ ಉದ್ಘಾಟನೆಯಾಯಿತು. ಈ ಹಳ್ಳಗಳು ನೇತ್ರಾವತಿಯನ್ನು ಸೇರುವಂಥವು.

ಈ ಅವಧಿಯಲ್ಲಿ ನಮ್ಮ ಕಡೆ ಸಾವಿರ ಬಾರಿ ಕೇಳಿದ, ನಾವೂ ಎಷ್ಟೋ ಬಾರಿ ಆಡಿದ ಮಾತೊಂದಿದೆ: 'ಹೇಗೂ ಕಡಲು ಸೇರಿ ವ್ಯರ್ಥವಾಗುವ ನೀರು ತಾನೇ?' ಆ ಸಂಜೆಯ ನಂತರ ಈ ಮಾತು ನಮ್ಮ ನಾಲಗೆಯ ಮೇಲೆ ನಿಲ್ಲುತ್ತಿಲ್ಲ. ಕಡಲು ಸೇರುವ ನೀರು ವ್ಯರ್ಥವಲ್ಲ. ಅದು ಅಳಿವೆಗೆ ಸಿಹಿಯನ್ನು, ಮೀನಿಗೆ ಮೇವನ್ನು, ದಡಕ್ಕೆ ಮರಳನ್ನು ಒಯ್ಯುತ್ತದೆ. ಎಷ್ಟೋ ಮೀನುಗಳ ತೊಟ್ಟಿಲು ಅಳಿವೆಯೇ. 'ಕಡಲಿಗೆ ಹೋದದ್ದು ವ್ಯರ್ಥ' ಎನ್ನುವ ಮನಸ್ಸಿಗೂ 'ಕಡಲಿಗೆ ಸುರಿದದ್ದು ಮಾಯ' ಎನ್ನುವ ಮನಸ್ಸಿಗೂ ಏನು ವ್ಯತ್ಯಾಸ? ಇಬ್ಬರಿಗೂ ಕಡಲು ಏನೂ ಇಲ್ಲದ ಒಂದು ಖಾಲಿ ಜಾಗ. ಹಡಗಿನ ಕೊಳೆನೀರನ್ನು ಕಡಲಿಗೆ ಬಿಡುವವನನ್ನು ದೂರುವ ಹಕ್ಕು ಆ ಮಾತಾಡಿದ ದಿನವೇ ನಮ್ಮ ಕೈತಪ್ಪಿತ್ತು.

ಹರಿಯುವ ನದಿಯ ದಡದಲ್ಲಿದ್ದರೂ ವುಜೂಗೆ ಬೇಕಾದಷ್ಟೇ ನೀರು ಬಳಸಬೇಕೆಂದು ನಮ್ಮ ಹಿರಿಯರು ಕಲಿಸಿದರು. ನದಿಯೇ ಇಲ್ಲದ ಊರಿನಲ್ಲಿ ಈ ಪಾಠವೇಕೆ ಎಂದು ಬಾಲ್ಯದಲ್ಲಿ ಅನಿಸುತ್ತಿತ್ತು. ಈಗ ಅರ್ಥವಾಗುತ್ತದೆ. ಹೇರಳವಾಗಿದೆ ಎಂಬ ಕಾರಣಕ್ಕೆ ಯಾವುದೂ ಬಿಟ್ಟಿಯಾಗುವುದಿಲ್ಲ. ಕಡಲಿಗಿಂತ ಹೇರಳವಾದದ್ದು ಈ ಭೂಮಿಯ ಮೇಲೆ ಬೇರೇನಿದೆ?

ಇನ್ನೊಬ್ಬರ ಚರಂಡಿಯಾಗುವುದು ಏನೆಂದು ನಮ್ಮ ಜಿಲ್ಲೆಗೆ ತಿಳಿಯದ್ದಲ್ಲ. ಹೆಬ್ಬಾಳ-ನಾಗವಾರ ಕಣಿವೆಯ ಯೋಜನೆಯಲ್ಲಿ ಬೆಂಗಳೂರಿನ ಕೊಳಚೆ ನೀರು ಎರಡು ಹಂತ ಶುದ್ಧೀಕರಣಗೊಂಡು ಕಂದವಾರ ಮೊದಲಾದ ನಮ್ಮ ಕೆರೆಗಳಿಗೆ ಬರುತ್ತದೆ. ಮೂರನೆಯ ಹಂತವೂ ಆಗಲಿ ಎಂದು ನಾವು ಕೇಳುತ್ತಲೇ ಬಂದಿದ್ದೇವೆ. ಕೆರೆ ತುಂಬಿದ ಸಂತೋಷವೂ ಇದೆ, ತುಂಬಿದ್ದು ಏನೆಂಬ ಅಂಜಿಕೆಯೂ ಇದೆ. ಬೆಂಗಳೂರಿನ ಕಣ್ಣಿನಿಂದ ಮರೆಯಾದ ಕೊಳಕು ಎಲ್ಲಿಯೋ ಮಾಯವಾಗಲಿಲ್ಲ, ನಮ್ಮಲ್ಲಿಗೆ ಬಂತು. ಈ ಅನುಭವವುಳ್ಳ ನಾವು ಪಣಂಬೂರಿನವರ, ಕೇಣಿಯವರ, ಕಾಸರಕೋಡಿನವರ ಮಾತನ್ನು ಬೇರೆಯವರಿಗಿಂತ ಬೇಗ ಅರ್ಥಮಾಡಿಕೊಳ್ಳಬೇಕಲ್ಲವೇ?

ಇಲ್ಲೊಂದು ಅಪಾಯವಿದೆ. ಎಲ್ಲರೂ ತಪ್ಪಿತಸ್ಥರು ಎಂದುಬಿಟ್ಟರೆ ಯಾರೂ ತಪ್ಪಿತಸ್ಥರಲ್ಲ ಎಂದಾಗುತ್ತದೆ. ಡೀಸೆಲ್ ಹಾಕಿಸುವ ರೈತನನ್ನೂ ಬಂದರಿನ ಆಡಳಿತವನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಅನ್ಯಾಯ. ಯಾರಿಗೆ ಹೆಚ್ಚು ತಿಳಿದಿದೆಯೋ, ಯಾರ ಕೈಯಲ್ಲಿ ಬದಲಿಸುವ ಶಕ್ತಿ ಹೆಚ್ಚಿದೆಯೋ ಅವರ ಭಾರ ಹೆಚ್ಚು. ಕಲ್ಲಿದ್ದಲನ್ನು ಮುಚ್ಚಿದ ಕನ್ವೇಯರಿನಲ್ಲಿ ಸಾಗಿಸುವುದು, ಹಡಗುಗಳ ಕೊಳಕನ್ನು ದಡದಲ್ಲೇ ಪಡೆದು ಸಂಸ್ಕರಿಸುವುದು, ಲಂಗರು ಹಾಕಿದ ಹಡಗಿಗೆ ದಡದಿಂದ ವಿದ್ಯುತ್ ಕೊಟ್ಟು ಅದರ ಇಂಜಿನ್ ಆರಿಸುವುದು, ನೀರಿನ ಮತ್ತು ಗಾಳಿಯ ಪರೀಕ್ಷೆಯ ಅಂಕಿಗಳನ್ನು ಮೀನುಗಾರರಿಗೆ ಕನ್ನಡದಲ್ಲಿ ತಿಳಿಸುವುದು, ಹೂಳು ಸುರಿಯುವ ಜಾಗವನ್ನು ಅವರನ್ನು ಕೇಳಿ ಗೊತ್ತುಮಾಡುವುದು, ಇವೆಲ್ಲ ಬಂದರಿನ ಕೈಯಲ್ಲಿವೆ. ಇದಕ್ಕೆ ಖರ್ಚಾಗುತ್ತದೆ, ಆ ಖರ್ಚು ಸರಕಿನ ಬೆಲೆಗೆ ಸೇರುತ್ತದೆ. ಆಗ ನಾಲ್ಕು ಕಾಸು ಹೆಚ್ಚು ಕೊಡುವಾಗ ಗೊಣಗದಿರುವುದು ನಮ್ಮ ಪಾಲು. ಸರಕು ಅಗ್ಗವಾಗಿ ಸಿಗುವುದೆಂದರೆ ಅನೇಕ ಸಲ ಅದರ ಉಳಿದ ಬೆಲೆಯನ್ನು ಬೇರೆ ಯಾರೋ ತೆತ್ತಿದ್ದಾರೆ ಎಂದೇ ಅರ್ಥ.

ಕನ್ನಡದ್ದೇ ಆದ ಮೂರನೆಯ ಪದ 'ಹೊಣೆ'. ಹಳಬರ ಬಳಕೆಯಲ್ಲಿ ಹೊಣೆ ಎಂದರೆ ಜಾಮೀನು. ಇನ್ನೊಬ್ಬನ ಸಾಲಕ್ಕೆ ತಾನು ನಿಲ್ಲುವುದು. ಜವಾಬ್ದಾರ ಕೇಳಿದಾಗ ಉತ್ತರಿಸುತ್ತಾನೆ. ಹೊಣೆಯಾದವನು ಕೇಳುವ ಮೊದಲೇ ಎದ್ದು ನಿಂತಿರುತ್ತಾನೆ, ತಾನು ಮಾಡದ ಸಾಲಕ್ಕೂ. ಕಡಲು ಕೇಳುವುದಿಲ್ಲವಾದ್ದರಿಂದ ಅದಕ್ಕೆ ಬೇಕಾದದ್ದು ಜವಾಬ್ದಾರರಿಗಿಂತ ಹೆಚ್ಚಾಗಿ ಹೊಣೆಗಾರರು.

ಬಂದರೇ ಇಲ್ಲದ ನಮ್ಮ ಜಿಲ್ಲೆಗೂ ಕಡಲಿದೆ. ನಂದಿಯ ಸುತ್ತಿನ ಬೆಟ್ಟಗಳಲ್ಲಿ ಹುಟ್ಟುವ ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ ನದಿಗಳು ಒಂದನ್ನೊಂದು ಕೂಡಿ ನೆಲ್ಲೂರಿನ ಬಳಿ ಬಂಗಾಳ ಕೊಲ್ಲಿಯನ್ನು ಸೇರುತ್ತವೆ. ಒಳ್ಳೆಯ ಮಳೆಯಾದ ವರ್ಷ ನಮ್ಮ ಊರಿನ ಚರಂಡಿಯ ಪ್ಲಾಸ್ಟಿಕ್ಕೂ ರೀಲಿಂಗ್ ಘಟಕಗಳ ನೀರೂ ಅದೇ ದಾರಿ ಹಿಡಿಯುತ್ತವೆ.

ಆ ವೃದ್ಧರು ಮತ್ತೆ ಸಿಕ್ಕರೆ ಏನು ಹೇಳುತ್ತೇವೆ? ನಮಗೆ ಕುಡಿಯಲು ನೀರು ಬೇಕು, ಇಲ್ಲವೆಂದು ಹೇಳಿದರೆ ಸುಳ್ಳಾಗುತ್ತದೆ. ಆದರೆ ಅದು ನಿಮ್ಮ ಕಡಲಿನ ಪಾಲಿನಿಂದ ತೆಗೆದದ್ದು ಎಂದು ತಿಳಿದೇ ಕುಡಿಯುತ್ತೇವೆ, ಮೊದಲು ನಮ್ಮ ಕೆರೆಗಳ ಹೂಳೆತ್ತುತ್ತೇವೆ, ಬಿದ್ದ ಮಳೆಯನ್ನು ಹಿಡಿದಿಟ್ಟುಕೊಳ್ಳುತ್ತೇವೆ, ನಿಮ್ಮ ದಡಕ್ಕೆ ಬಂದರು ಬಂದು ನೀವು ಪ್ರಶ್ನೆ ಕೇಳುವ ದಿನ ನಿಮ್ಮ ಜೊತೆ ನಿಂತು ನಾವೂ ಕೇಳುತ್ತೇವೆ ಎಂದು ಹೇಳಬೇಕೆಂದಿದ್ದೇವೆ. ಅವರು ಒಪ್ಪುತ್ತಾರೋ ಇಲ್ಲವೋ ಗೊತ್ತಿಲ್ಲ. "ಮೊದಲು ಮಾಡಿ ತೋರಿಸಿ ಸಾಹೇಬ್ರೇ" ಎಂದು ನಕ್ಕರೂ ನಗಬಹುದು. ಅವರ ಮಾತು ನ್ಯಾಯವೇ ಆಗಿರುತ್ತದೆ.